ಅಳತೆ ಪುಸ್ತಕ

ಕೋಡಿಬಾಗದ ತಿರುವಿನಲ್ಲಿ, ಐಸ್ ಫ್ಯಾಕ್ಟರಿಯ ಎದುರು
ಹತ್ತಡಿಯ ನನ್ನ ಅಂಗಡಿ.
ಮೊಳೆಗೆ ನೇತುಹಾಕಿದ ಒಂದು ಪುಸ್ತಕ,
ಅದರ ಹುರಿಗೆ ಕಟ್ಟಿದ ಪೆನ್ಸಿಲ್ಲು.
ಮೂವತ್ತೊಂದು ವರ್ಷದ ಹೆಂಗಸರು ಅದರೊಳಗೆ
ಇಂಚಾಗಿ, ಅರ್ಧ ಇಂಚಾಗಿ ಇದ್ದಾರೆ.

ಹೆಸರು ಬರೆಯುವುದಿಲ್ಲ ನಾನು.
'ಬೈತಖೋಲದ ಸಣ್ಣ ಸೊಸೆ', 'ಪೋಸ್ಟಿನವಳು',
'ಸೀಗಡಿ ಸುಲಿಯುವ ಇಬ್ಬರಲ್ಲಿ ಎತ್ತರದವಳು'.
ಕದ್ದವನಿಗೂ ಓದಿ ಹೇಳಲು ನಾನೇ ಬೇಕು.

ಟೇಪು ಹಿಡಿದವಳಿಗೆ ಗೊತ್ತಾಗುತ್ತದೆ, ಏನು ಮಾಡುವುದು.
ಗಂಡಂದಿರಿಗಿಂತ ಮೊದಲು ನನಗೆ ತಿಳಿದಿವೆ
ಮೂರು ಬಸಿರು.
ಒಬ್ಬಳ ರಟ್ಟೆಯ ಮೇಲೆ ನೀಲಿ ಗುರುತು ಕಂಡ ದಿನ
ತೋಳು ಉದ್ದ ಇಡಲೇ, ಅಂದೆ.
ಇಡು, ಅಂದಳು.
ಅಷ್ಟೇ ಮಾತು. ಅದು ಸರಿಯಿತ್ತೋ ಇಲ್ಲವೋ,
ಕೆಲವು ರಾತ್ರಿ ಪೆಡಲಿನ ಮೇಲೆ ಕಾಲು ನಿಂತುಬಿಡುತ್ತದೆ.

ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿದ್ದ ತಿಂಗಳು
ಬಂದಳು ಇನ್ನೊಬ್ಬಳು. ಇಲ್ಲಿಯೂ ಹೆಸರು ಬರೆಯುವುದಿಲ್ಲ.
ಎಡಗಡೆ ಸ್ವಲ್ಪ ಸಡಿಲ ಇರಲಿ, ಅಂದಳು,
ಆಮೇಲೆ ಸ್ಟೂಲಿನ ಮೇಲೆ ಕೂತಳು.

ಯಾರಿಗೂ ಹೇಳಿರಲಿಲ್ಲವಂತೆ.
ರಾತ್ರಿ ಎರಡಕ್ಕೆ, ಹೊದಿಕೆಯೊಳಗೆ, ಬೆಳಕು ತಗ್ಗಿಸಿ
ಫೋನನ್ನು ಮಾತ್ರ ಕೇಳಿದ್ದಳು,
ತಪ್ಪು ಅಕ್ಷರದಲ್ಲಿ: ಎದೆಲಿ ಗಂಟು ನೋವಿಲ್ಲ.
ಬೆಳಗಾಗುವಾಗ ಬಂದು ಕೂತಿದ್ದವು
ಮಂಗಳೂರಿನ ಆಸ್ಪತ್ರೆ, ಕಂತಿನ ವಿಮೆ,
ನಗುವ ಹೆಂಗಸಿನ ತಲೆಯ ಮೇಲೆ ಕೂದಲ ಟೋಪಿ.
ಮನೆಗೆಲ್ಲ ಒಂದೇ ವೈಫೈ. ಸಂಜೆಗೆ ಮಗನ ಫೋನಿಗೂ ಬಂದವು.
ಹತ್ತನೇ ಕ್ಲಾಸಿನ ಹುಡುಗ, ಏನೂ ಕೇಳಲಿಲ್ಲ.
ಊಟವಾದ ಮೇಲೆ, ಹುಟ್ಟಿದಾರಭ್ಯ ಮೊದಲ ಸಲ,
ತನ್ನ ತಟ್ಟೆ ತಾನೇ ತೊಳೆದಿಟ್ಟ.

ನಾನು ಯಾರಿಗೆ ಹೇಳಿದೆ ಹೇಳು, ಕುಂದಾ ಬಾಯಿ?
ನನ್ನ ಬಾಯಲ್ಲಿ ಗುಂಡುಪಿನ್ನು ಇದ್ದವು.

ಗುಂಡಿ ಎಂದರೆ ನಮ್ಮಲ್ಲಿ ಎರಡು:
ಅಂಗಿಗೆ ಹಚ್ಚುವುದು, ಕಾಲು ಜಾರಿ ಬೀಳುವುದು.
ಹಚ್ಚುವ ಗುಂಡಿಗೆ ಎದುರಿಗೊಂದು ಕಾಜಾ ಇರುತ್ತದೆ,
ಹಾಕಿದ ಬೆರಳೇ ಬಿಚ್ಚಬಹುದು.
'ಒಪ್ಪುತ್ತೇನೆ' ಎಂದು ಅವಳೂ ನಾನೂ ಒತ್ತಿದ ಗುಂಡಿಗೆ
ಕಾಜಾ ಹುಡುಕಿದೆವು ಆ ದಿನ.
ಕೊನೆಗೆ ಪೋಸ್ಟಿನವಳು ತೋರಿಸಿಕೊಟ್ಟಳು,
ಏಳನೇ ಪುಟದ ಕೆಳಗೆ,
ಬೂದು ಬಣ್ಣದಲ್ಲಿ, ಇರುವೆ ಸಾಲಿನಷ್ಟು.

ಮುಂದಿನ ವಾರ ಒಬ್ಬ ಹುಡುಗ ಬಂದ,
ಕುತ್ತಿಗೆಗೆ ಪಟ್ಟಿ, ಕೈಯಲ್ಲಿ ಟ್ಯಾಬು.
ನಿಮ್ಮ ಪುಸ್ತಕ ಆ್ಯಪಿಗೆ ಹಾಕಿಕೊಡುತ್ತೇವೆ ಆಂಟಿ,
ಪುಕ್ಕಟೆ. ಚೌತಿಗೆ ಎಲ್ಲರಿಗೂ ಆಫರ್ ಹೋಗುತ್ತದೆ.
ನಿಲ್ಲು, ಅಂದೆ. ಟೇಪು ಬಿಚ್ಚಿದೆ.
ಭುಜ ಹದಿನಾರೂವರೆ, ಎಡ ಅರ್ಧ ಇಂಚು ಕೆಳಗೆ,
ಬ್ಯಾಗು ಅದೇ ಕಡೆ ಹಾಕುತ್ತೀ.
ಬೆಲ್ಟಿಗೆ ಎರಡು ತೂತು ನೀನೇ ಹೊಡೆದದ್ದು, ಹೊಸವು.
ರೂಮಿನಲ್ಲಿ ರಾತ್ರಿ ಉಣ್ಣುವುದಿಲ್ಲವಲ್ಲ?
ಟ್ಯಾಬನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡ ಪಾಪ.
ಅವನಿಗೆ ಚಾ ತರಿಸಿದೆ. ಪುಸ್ತಕ ಕೊಡಲಿಲ್ಲ.

ಅವಳು ತಿರುಗಿ ಬಂದದ್ದು ಮಾಘದಲ್ಲಿ,
ತಲೆಗೆ ಸ್ಕಾರ್ಫು ಬಿಗಿದು.
ಹೊಸ ರವಿಕೆಯ ಎಡಕ್ಕೆ ಒಳಗೊಂದು ಚೀಲ ಹೊಲಿದೆ,
ಸಾಸಿವೆ ತುಂಬಿ, ಚೂರು ತೆಗೆದು, ಮತ್ತೆ ಚೂರು ಹಾಕಿ,
ಬಲದ ತೂಕಕ್ಕೆ ಸರಿ ಬರುವವರೆಗೆ.
ಕನ್ನಡಿ ನೋಡಿ, ಓರೆಯಾಗಿ ನಿಂತು, ಮತ್ತೆ ನೋಡಿ
ಭುಜ ಇಳಿಸಿದಳು.

ಅವಳ ಫೋನಿಗೆ ಈಗಲೂ ಬರುತ್ತವಂತೆ
ಹಳೆಯ ಅಳತೆಯ ಒಳಉಡುಪು, ಎರಡಕ್ಕೆ ಒಂದು ಉಚಿತ.

ನಾನು ಪುಸ್ತಕ ಇಳಿಸಿ
ಅವಳ ಹಾಳೆಯ ಆ ಅಂಕಿಯನ್ನು ರಬ್ಬರಿನಿಂದ ಉಜ್ಜಿದೆ.
ಕಾಗದ ಅಲ್ಲಿ ತೆಳ್ಳಗಾಗಿದೆ.
ಬಾಗಿಲಿಗೆ ಹಿಡಿದರೆ
ಆಚೆ ಐಸು ಹೇರುವ ಟೆಂಪೊ ಕಾಣುತ್ತದೆ, ಅಂಕಿ ಕಾಣುವುದಿಲ್ಲ.